‘ಎಲ್ಲಾ ಕ್ಲಿಯರ್ ಅದರಿ’ ಅನ್ನೋ ಮಾತು

ಮನಿ ತೊಗೋಬೇಕಂತ ಹೊರಟವರ ಕಿವಿಗೆ ದಿನಕ್ಕ ಹತ್ತು ಸರ್ತಿ ಬೀಳೋ ಮಾತಂದ್ರ ‘ಎಲ್ಲಾ ಕ್ಲಿಯರ್ ಅದರಿ’. ಕಾಗದಪತ್ರ ಕ್ಲಿಯರ್, ಟೈಟಲ್ ಕ್ಲಿಯರ್, ಟ್ಯಾಕ್ಸ್ ಕ್ಲಿಯರ್, ಬಾಜುದ ಮನಿ ಮಂದಿ ಸೈತ ಕ್ಲಿಯರ್. ಏಳು ತಿಂಗಳದಾಗ ಐದು ಮಂದಿ ಏಜಂಟರ ಕೂಡ 14 ಮನಿ ನೋಡಿದ ಮ್ಯಾಲೆ ನನಗ ಅನಸೇದ, ಈ ಒಂದು ಶಬ್ದಾ ಅವರ ಬಾಯಿಂದ ಕಸಗೊಂಡುಬಿಟ್ರ ನಮ್ಮ ಅರ್ಧಾ ತ್ರಾಸ ಕಡಿಮಿ ಆಗ್ತದ. ಅದು ಪೂರಾ ಸುಳ್ಳೂ ಅಲ್ಲ, ಪೂರಾ ಖರೇನೂ ಅಲ್ಲ. ಗೊತ್ತಿದ್ದದ್ದನ್ನ ಹೇಳದನ ಮುಂದ ಹೋಗಲಿಕ್ಕೆ ಅನುಕೂಲ ಮಾಡಿಕೊಡೋ ಮಾತು.

ಮನಿ ಕಟ್ಟಿ ನೋಡು, ಮದವಿ ಮಾಡಿ ನೋಡು ಅಂತ ಹಿರ್ಯಾರು ಅಂದಾರ. ಕಟ್ಟಿದ ಮನಿ ಕೊಂಡು ನೋಡು ಅಂತ ಯಾರೂ ಅಂದಿಲ್ಲ. ಬಹುಶಃ ಆಗ ಯಾರೂ ಮನಿ ಮಾರ್ತಿದ್ದಿಲ್ಲ, ಸಾಲಾ ತೀರಸಲಿಕ್ಕೆ ಮಾರಿದ್ರೂ ಊರಿಗೆಲ್ಲಾ ಗೊತ್ತಿರ್ತಿತ್ತು ಯಾವ ಗ್ವಾಡಿ ಯಾರದು, ಯಾವ ಬಾವಿ ನೀರು ಯಾರಿಗೆ ಅಂತ. ಈಗ ಹಂಗಿಲ್ಲ. ಮಾರೋವ್ರು ಪುಣೆದಾಗ ಇರ್ತಾರ, ತೊಗೊಳ್ಳೋವ್ರು ಬ್ಯಾರೆ ಊರವರು, ನಡುವ ಒಬ್ಬ ಏಜಂಟ, ಅವನ ಕೈಯಾಗ ಒಂದು ಪ್ಲಾಸ್ಟಿಕ್ ಫೈಲು.

ನಮ್ಮ ಸಂಗತಿ ಹೇಳತೇನಿ. ನಮ್ಮನಿಯವರು ಹೋದ ವರ್ಷ ರಿಟೈರ್ ಆದ್ರು. 22 ವರ್ಷ ಆತು, ಧಾರವಾಡದಾಗ ಬಾಡಿಗಿ ಮನ್ಯಾಗನ ಇದ್ದೀವಿ. ಪಿಎಫ್, ಗ್ರ್ಯಾಚುಟಿ, ನನ್ನ ನಾಕು ಬಳಿ, ಮಗಳು ಕೊಡತೇನಿ ಅಂದದ್ದು ಎಲ್ಲಾ ಕೂಡಿಸಿದ್ರ 50 ಲಕ್ಷ. ಇಷ್ಟ. ಇದೊಮ್ಮೆ ಹೋದ್ರ ಮತ್ತ ಬರೋ ರೊಕ್ಕ ಅಲ್ಲ. ವಯಸ್ಸು ಅರವತ್ತು ದಾಟಿದವರಿಗೆ ಬ್ಯಾಂಕಿನವರು ಮನಿ ಸಾಲಾ ಕೊಡಲಿಕ್ಕೆ ಹಿಂದ ಮುಂದ ನೋಡ್ತಾರ. ಹಿಂಗಾಗಿ ಮನಿ ನೋಡಲಿಕ್ಕೆ ಹೋಗೋ ಮುಂದ ಕನ್ಯಾ ನೋಡಲಿಕ್ಕೆ ಹೋದಂಗ ಬರೇ ಅವಲಕ್ಕಿ ತಿಂದು ಬರಲಿಕ್ಕೆ ಆಗೂದಿಲ್ಲ.

ಇಲ್ಲೆ ಒಂದು ಮಾತು ಹೇಳಬೇಕು. ಏಜಂಟರು ಎಲ್ಲಾರೂ, ಐದಕ್ಕ ಐದೂ ಮಂದಿ, ಫೈಲು ನಮ್ಮನಿಯವರ ಕೈಯಾಗ ಕೊಟ್ಟು ನನಗ ‘ವೈನಿ, ನೀವು ಅಡಿಗಿಮನಿ ನೋಡಿ ಬರ್ರಿ’ ಅಂದಾರ. ಅಡಿಗಿಮನಿ ನೋಡಲಿಕ್ಕೆ ಎರಡು ಮಿನಿಟ ಸಾಕು. ಕಟ್ಟಿ ಎತ್ತರ ನೋಡಿದೆ, ನೀರು ಬರೋದು ನೋಡಿದೆ, ಹೊಗಿ ಹೋಗಲಿಕ್ಕೆ ಕಿಡಕಿ ನೋಡಿದೆ, ಮುಗೀತು. ಮತ್ತ ಬಂದು ನಾನೂ ಕೂತು ಫೈಲು ಓದತೇನಿ. ನಾ ಪಿಯುಸಿ ತನಕ ಓದೀನಿ, ಕನ್ನಡದಾಗ ಬರದ ಉತಾರ ಓದಲಿಕ್ಕೆ ಅಷ್ಟು ಸಾಕಾಗ್ತದ. ನಮ್ಮನಿಯವರು ಓದೋದು ಸಹಿ ಎಲ್ಲೆ ಮಾಡಬೇಕು ಅನ್ನೋದಷ್ಟ.

ಮೊದಲನೇ ಏಜಂಟ ತೋರಿಸಿದ್ದು ಊರ ಹೊರಗ ಗುಂಟೆ ಪ್ಲಾಟಿನಾಗ ಕಟ್ಟಿದ ಹೊಸಾ ಮನಿ. ಬಣ್ಣದ ವಾಸನಿ ಇನ್ನೂ ಹೋಗಿದ್ದಿಲ್ಲ. ‘ಉತಾರ ಅದರಿ’ ಅಂತ ಒಂದು ಹಾಳಿ ಕೊಟ್ಟ. ನೋಡಿದ್ರ ಅದರಾಗ ಇದ್ದದ್ದು ಹೊಲ, ಮಾಲಕರ ಕಾಲಮ್ಮಿನಾಗ ಉದ್ದಕ ಹೆಸರು, ಒಬ್ಬೊಬ್ಬರಿಗೆ ಒಂದು ಗುಂಟೆ, ಎರಡು ಗುಂಟೆ. ಒಂದು ಗುಂಟೆ ಅಂದ್ರ 1089 ಚದರ ಫೂಟು, ಅಂಥಾ 40 ಸೇರಿದ್ರ ಒಂದು ಎಕರೆ. ಹೊಲಾ ಅಳಿಯೋ ಲೆಕ್ಕದಾಗ ಮನಿ ಮಾರಲಿಕ್ಕತ್ತಾರಂದ್ರ ಅಲ್ಲೇ ತಿಳೀಬೇಕು. ‘ಎನ್‌ಎ ಆಗೇದೇನಪಾ’ ಅಂತ ಕೇಳಿದೆ. ‘ಆಗ್ತದರಿ ಅಕ್ಕಾರ’ ಅಂದ. ಆಗೇದ ಅನ್ನೋದಕ್ಕೂ ಆಗ್ತದ ಅನ್ನೋದಕ್ಕೂ ಎಷ್ಟು ಅಂತರ ಅದ ಅನ್ನೋದು ಹೆರಿಗಿ ಆಸ್ಪತ್ರಿ ಮುಂದ ಕೂತವರನ್ನ ಕೇಳಬೇಕು. 1964ರ ಭೂ ಕಂದಾಯ ಕಾಯ್ದೆ ಪ್ರಕಾರ ಹೊಲದ ಜಮೀನನ್ನ ಬ್ಯಾರೆ ಕೆಲಸಕ್ಕ ಬಳಸಬೇಕಂದ್ರ ಪರವಾನಗಿ ತೊಗೋಬೇಕು. ಅದು ಇಲ್ಲದ ಜಾಗಾಕ್ಕ ಲೇಔಟ್ ಮಂಜೂರಿ ಇಲ್ಲ, ಕಟ್ಟೋ ಪರವಾನಗಿ ಇಲ್ಲ, ಬ್ಯಾಂಕಿನ ಸಾಲಾನೂ ಇಲ್ಲ. ಇದೆಲ್ಲಾ ಆ ಹುಡುಗಗ ನನಗಿಂತ ಛಲೋ ಗೊತ್ತಿತ್ತು. ನಾ ಕೇಳದಿದ್ರ ಹೇಳ್ತಿದ್ದಿಲ್ಲ, ಅಷ್ಟ.

ಎರಡನೇದು ಪ್ರಾಧಿಕಾರದಿಂದ ಹಂಚಿಕಿ ಆದ ಸೈಟಿನಾಗ ಕಟ್ಟಿದ್ದು. ಮನಿ ಛಲೋ, ರಸ್ತಾ ಛಲೋ, ರೇಟೂ ಕಡಿಮಿ. ಕಡಿಮಿ ಯಾಕ ಅನ್ನೋದು ಹಂಚಿಕಿ ಪತ್ರದ ಹಿಂದಿನ ಹಾಳಿಯೊಳಗ ಸಣ್ಣ ಅಕ್ಷರದಾಗ ಇತ್ತು, ಇಷ್ಟು ವರ್ಷದ ತನಕ ಪರಭಾರೆ ಮಾಡಬಾರದು ಅಂತ. ಆ ಅವಧಿ ಇನ್ನೂ ಮುಗದಿದ್ದಿಲ್ಲ. ಏಜಂಟ ನಕ್ಕೋತ ‘ಅದಕ್ಕ ಜಿಪಿಎ ಮಾಡಿಕೊಡ್ತಾರರಿ, ಮ್ಯಾಲೆ ಒಂದು ವಿಲ್ ಬರದುಕೊಡ್ತಾರ, ಎಲ್ಲಾರೂ ಹಂಗ ಮಾಡ್ತಾರ’ ಅಂದ. ಜಿಪಿಎ ಮ್ಯಾಲೆ ಮಾರಿದ್ರ ಮಾಲಕಿ ಹಕ್ಕು ಬರೂದಿಲ್ಲ ಅಂತ ಸುಪ್ರೀಂ ಕೋರ್ಟು 2011ರಾಗನ ಸೂರಜ್ ಲ್ಯಾಂಪ್ ಕೇಸಿನೊಳಗ ಹೇಳೇದ. ಎಲ್ಲಾರೂ ಮಾಡ್ತಾರ ಅನ್ನೋದನ್ನ ಕೋರ್ಟಿನಾಗ ಸಾಕ್ಷಿ ಅಂತ ತೊಗೋತಾರೇನು? ಎದ್ದು ಬಂದ್ವಿ.

ಇವೆರಡೂ ಹೋದ್ರ ಹೋಗ್ಲಿ. ನನ್ನ ಮನಸ್ಸಿನಾಗ ಇವತ್ತಿಗೂ ಕೂತದ್ದು ಮೂರನೇ ಏಜಂಟ ತೋರಿಸಿದ ಮನಿ.

ಹಳೇ ಮನಿ, ಕಡಪಾ ಕಲ್ಲಿನ ನೆಲ, ಮುಂದ ಕಟ್ಟಿ, ಹಿತ್ತಲದಾಗ ನುಗ್ಗಿ ಗಿಡ, ತುಳಸಿ. ಗ್ವಾಡಿ ಎಷ್ಟು ದಪ್ಪ ಅಂದ್ರ ಬ್ಯಾಸಗಿಯೊಳಗೂ ಒಳಗ ಥಣ್ಣಗ. 52 ಲಕ್ಷ ಹೇಳಿದ್ರು, 50ಕ್ಕ ಬರ್ತಾರ ಅಂತ ಏಜಂಟಂದು. ಮನಿ ಬಾಜುಕ ಮುಂದಿಂದ ಹಿತ್ತಲದ ತನಕ ಐದು ಫೂಟಿನ ಉದ್ದನ್ನ ಜಾಗಾ. ನಮ್ಮನಿಯವರು ಅಲ್ಲೇ ನಿಂತು ಲೆಕ್ಕಾ ಹಾಕಿದ್ರು: ಇಲ್ಲೆ ಹೊರಗಿಂದ ಒಂದು ಪಾವಟಿಗಿ ಹಾಕಿಸಿದ್ರ ಮ್ಯಾಲೆ ಒಂದು ಖೋಲಿ ಕಟ್ಟಬಹುದು, ಮಗಳು ಅಳಿಯಾ ಬಂದ್ರ ಇರಲಿಕ್ಕೆ ಆಗ್ತದ, ಇಲ್ಲಂದ್ರ ಕಾಲೇಜ ಹುಡುಗ್ಯಾರಿಗೆ ಬಾಡಿಗಿ ಕೊಡಬಹುದು. ಪೆನ್ಶನ್ ಇಲ್ಲದ ಮನಿಗೆ ಆ ಬಾಡಿಗಿ ಸಣ್ಣ ಮಾತಲ್ಲ. ಏಜಂಟ ‘ಮಾಡ್ರಿ ಸರ, ಜಾಗಾ ಮಸ್ತ್ ಅದ’ ಅಂದ. ಈ ಮಾತು ನೆನಪಿಡ್ರಿ.

ನಾ ಆ ಜಾಗಾದಾಗ ನಡಕೋತ ಹಿಂದ ಹೋದೆ. ಹಾಸಗಲ್ಲು ನಡುವ ಸವದು ನುಣ್ಣಗಾಗಿದ್ವು. ಖಾಲಿ ಬಿದ್ದ ಮನಿ ಬಾಜುದ ಕಲ್ಲು ಹಂಗ ಸವಿಯೂದಿಲ್ಲ. ಹಿತ್ತಲ ಕಂಪೌಂಡಿನಾಗ ಒಂದು ಸಣ್ಣ ಬಾಗಲಾ, ಬಾಗಲದ ಮುಂದ ಅವತ್ತಿನ ಮುಂಜಾನಿ ಹಾಕಿದ ರಂಗೋಲಿ. ‘ಹಿಂದ ಯಾರಿರ್ತಾರ್ರಿ’ ಅಂತ ಕೇಳಿದೆ. ‘ಅದು ಬ್ಯಾರೇದವರ ಮನಿರಿ ವೈನಿ, ನಮಗ ಸಂಬಂಧಿಲ್ಲ’ ಅಂದ. ಇಸಿ ತೋರಿಸಿದ, ಒಂದೂ ಬೋಜಾ ಇಲ್ಲ. ಎರಡು ದಿವಸದಾಗ ಒಂದು ಲಕ್ಷ ಸಂಚಕಾರ ಕೊಡ್ರಿ, ಇನ್ನೊಂದು ಪಾರ್ಟಿ ರೆಡಿ ಅದ ಅಂದ. ಈ ಇನ್ನೊಂದು ಪಾರ್ಟಿ ಅನ್ನೋದು ಎಲ್ಲಾ ಏಜಂಟರ ಮನ್ಯಾಗೂ ಇರ್ತದ, ಎಂದೂ ಕಣ್ಣಿಗೆ ಬೀಳೂದಿಲ್ಲ.

ಮರುದಿವಸ ಸಂಜೀಮುಂದ ನಮ್ಮ ಅಕ್ಕನ್ನ ಕರಕೊಂಡು ಹಿಂದಿನ ಮನಿಗೆ ಹೋದೆ. ಎಂಬತ್ತರ ಹತ್ರ ವಯಸ್ಸಿನ ಅಜ್ಜಿ. ‘ಬಾರವಾ ತಂಗಿ, ಒಳಗ ಬಾ’ ಅಂದು ಚಹಾ ಇಟ್ರು. ನಾವು ಕೇಳೋಕಿಂತ ಮೊದಲ ಅವರ ಅಂದ್ರು, ‘ನೀವ ಏನು ಆ ಮನಿ ತೊಗೊಳ್ಳೋವ್ರು? ತೊಗೋರಿ, ಮನಿ ಛಲೋ ಅದ. ನನ್ನ ದಾರಿ ಒಂದು ಮುಚ್ಚಬ್ಯಾಡ್ರಿ.’ ಆಮ್ಯಾಲೆ ತಿಳೀತು, ಎರಡೂ ಒಂದ ಮನಿ ಇದ್ದದ್ದು, 1986ರಾಗ ಅಣ್ಣತಮ್ಮಂದಿರ ನಡುವ ವಾಟ್ಣಿ ಆಗೇದ. ವಾಟ್ಣಿ ಪತ್ರದಾಗ ಸಾಫ್ ಬರದಾರ: ಬಾಜುದ ಐದು ಫೂಟು ಹಿಂದಿನ ಮನಿಯವರಿಗೆ ಓಡಾಡೋ ದಾರಿ, ಅದರ ಕೆಳಗ ನೀರಿನ ಪೈಪು, ಅದರ ಮ್ಯಾಲೆ ಏನೂ ಕಟ್ಟಬಾರದು. ಅಜ್ಜಿ ಟ್ರಂಕಿನಿಂದ ಪತ್ರ ತಗದು ತೋರಿಸಿದ್ರು. ರಜಿಸ್ಟರ್ ಆದ ಪತ್ರ.

ಹಂಗಾರ ಇಸಿಯೊಳಗ ಯಾಕ ಇದ್ದಿಲ್ಲ? ಅಕ್ಕನ ಅಳಿಯಾ ವಕೀಲ ಇದ್ದಾನ, ಅಂವಾ ಹೇಳಿದ. ನೋಂದಣಿ ಇಲಾಖೆದ ಕಾವೇರಿ ಅನ್ನೋ ವೆಬ್‌ಸೈಟಿನಾಗ ಮನ್ಯಾಗ ಕೂತು ತಗಿಯೋ ಇಸಿ 2004ರ ಏಪ್ರಿಲ್‌ನಿಂದ ಈಚಿಂದು. ಅದಕ್ಕೂ ಹಿಂದಿಂದು ಬೇಕಂದ್ರ ಸಬ್ ರಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಟ್ಟು ಹಳೇ ದಫ್ತರ ಹುಡಕಸಬೇಕು. ಏಜಂಟ ಕೊಟ್ಟದ್ದು 2004ರಿಂದ ಈಚಿಂದಷ್ಟ. 1986ರ ಮಾತು ಅದರಾಗ ಎಲ್ಲಿಂದ ಬರಬೇಕು? ಇಸಿ ಸುಳ್ಳು ಹೇಳಿಲ್ಲ ನೋಡ್ರಿ. ಅದನ್ನ ಎಲ್ಲಿಂದ ಶುರು ಮಾಡಬೇಕು ಅನ್ನೋದು ಅವನ ಕೈಯಾಗಿತ್ತು.

ಏಜಂಟಗ ಫೋನ್ ಮಾಡಿ, ದಾರಿ ವಿಷಯ ನಿಮಗ ಗೊತ್ತಿತ್ತೇನ್ರಿ ಅಂತ ಕೇಳಿದೆ. ಗೊತ್ತಿದ್ದಿಲ್ಲ ಅಂತ ಅಂದಿದ್ರ ಅಲ್ಲಿಗೇ ಬಿಡ್ತಿದ್ದೆ. ‘ಗೊತ್ತಿತ್ತರಿ ವೈನಿ. ನೀವು ಕೇಳಿದ್ದಿಲ್ಲಲ್ಲ’ ಅಂದ.

ನನ್ನ ತಕರಾರು ಇರೋದು ಈ ಮಾತಿನ ಮ್ಯಾಲೆ. ಅಲ್ಲೇ ಪಾವಟಿಗಿ ಹಾಕಸತೇವಿ ಅಂತ ನಮ್ಮನಿಯವರು ಅವನ ಮುಂದ ನಿಂತು ಹೇಳಿದಾಗ ಮಸ್ತ್ ಅದ ಅಂದವನು ಇಂವನ. ಕೇಳೋದು ತೊಗೊಳ್ಳೋವ್ರ ಕೆಲಸ ಅಂತ ಅವನ ವಾದ. ಗೊತ್ತಿಲ್ಲದ್ದನ್ನ ಹೆಂಗ ಕೇಳಬೇಕು? ತರಕಾರಿ ಮುದುಕಿ ಸೈತ ‘ಈ ಬದನಿಕಾಯಿ ಒಳಗ ಹುಳಾ ಇರಬಹುದು ಬೇ, ನೋಡಿ ಆರಿಸಿಕೋ’ ಅಂತಾಳ. ಅಕಿ ತಕ್ಕಡಿಗೆ ಸರಕಾರದ ಮುದ್ರಿ ಬೇಕು. ಅರ್ಧಾ ಕೋಟಿ ಮನಿ ಮಾರಸೋವಗ ಯಾವ ಮುದ್ರಿನೂ ಬ್ಯಾಡ. 2016ರ ರೇರಾ ಕಾಯ್ದೆಯೊಳಗ ಏಜಂಟರು ನೋಂದಣಿ ಮಾಡಸಬೇಕು ಅಂತ ಅದ ಖರೇ, ಆದ್ರ ಅದು ರೇರಾಕ್ಕ ಬರೋ ಪ್ರಾಜೆಕ್ಟಿನ ಪ್ಲಾಟು, ಫ್ಲ್ಯಾಟು ಮಾರೋವರಿಗೆ. ಒಬ್ಬರ ಹಳೇ ಮನಿ ಇನ್ನೊಬ್ಬರಿಗೆ ಕೊಡಸೋವ್ರನ್ನ ಕೇಳೋವ್ರು ಯಾರೂ ಇಲ್ಲ.

ಮಾರೋವರ ಮ್ಯಾಲೆ ಮಾತ್ರ ಕಾಯ್ದೆ ಅದ. 1882ರ ಆಸ್ತಿ ವರ್ಗಾವಣೆ ಕಾಯ್ದೆದ 55ನೇ ಕಲಮಿನಾಗ, ಆಸ್ತಿಯೊಳಗ ಆಗ್ಲಿ ಹಕ್ಕಿನೊಳಗ ಆಗ್ಲಿ ತನಗ ಗೊತ್ತಿದ್ದ, ಕೊಳ್ಳೋವಗ ಸಹಜಾಗಿ ಕಾಣದ ದೊಡ್ಡ ಊನ ಇದ್ರ ಮಾರೋವ ಅದನ್ನ ಹೇಳಬೇಕು ಅಂತ ಬರದದ. ದಾರಿ ಹಕ್ಕು, ಗಾಳಿ ಬೆಳಕಿನ ಹಕ್ಕು ಇವನ್ನೆಲ್ಲಾ ಹೇಳೋ ಈಸ್‌ಮೆಂಟ್ ಕಾಯ್ದೆನೂ ಅದ 1882ರದು. ನಮ್ಮ ಮುತ್ತಜ್ಜನ ಕಾಲದಾಗ ಬ್ರಿಟಿಷರಿಗೆ ತಿಳದದ್ದು, ಮುಚ್ಚಿಟ್ಟು ಮಾರೋದು ತಪ್ಪು ಅಂತ. ಆದ್ರ ಪುಣೆದಾಗ ಇರೋ ಮಾರೋವ ನಮ್ಮ ಜೋಡಿ ಒಂದು ಮಾತೂ ಆಡಿಲ್ಲ. ಆಡಿದ್ದೆಲ್ಲಾ ಏಜಂಟ. ಮಾರೋವನ ಬಾಯಿ ಆಗಿ ಎರಡೂ ಕಡೆಯಿಂದ ದಲಾಲಿ ತೊಗೊಳ್ಳೋವಗ, ಮಾರೋವನ ಜವಾಬ್ದಾರಿನೂ ಒಂದಿಷ್ಟು ಬರಬೇಕಲ್ಲ? ನಮ್ಮ ಕಡೆಯಿಂದ ಅಂವಾ ಕೇಳಿದ್ದು ಎರಡು ಪರ್ಸೆಂಟ್. 50 ಲಕ್ಷಕ್ಕ ಒಂದು ಲಕ್ಷ ಆತು. ಒಂದು ಲಕ್ಷ ತೊಗೊಂಡು ‘ನೀವು ಕೇಳಿದ್ದಿಲ್ಲಲ್ಲ’ ಅನ್ನೋದಾದ್ರ ಆ ಒಂದು ಲಕ್ಷ ಯಾತಕ್ಕ? ಬಾಗಲದ ಕೀಲಿ ತಗದದ್ದಕ್ಕೇನು?

ಸರಕಾರನ ರಜಿಸ್ಟರ್ ಮಾಡ್ಯದಲ್ಲ, ಹಂಗಾರ ಎಲ್ಲಾ ಬರೋಬ್ಬರಿ ಇರಬೇಕು ಅಂತ ಭಾಳ ಮಂದಿ ತಿಳದಾರ. ಹಂಗಿಲ್ಲ. ರಜಿಸ್ಟರ್ ಆಗೋದು ಪತ್ರ. ಮಾರೋವಗ ಪೂರಾ ಹಕ್ಕು ಅದ, ಯಾರ ತಕರಾರೂ ಇಲ್ಲ ಅಂತ ಸಬ್ ರಜಿಸ್ಟ್ರಾರ್ ಗ್ಯಾರಂಟಿ ಕೊಡೂದಿಲ್ಲ. 50 ಲಕ್ಷದ ಮನಿಗೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್ ಅಂದ್ರ ಎರಡೂವರಿ ಲಕ್ಷ, ಮ್ಯಾಲೆ ನೋಂದಣಿ ಫೀ. ಅದು 1 ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗೇದ, ಅಂದ್ರ ಇನ್ನೊಂದು ಲಕ್ಷ. ಇಷ್ಟು ಕೊಟ್ಟ ಮ್ಯಾಲೂ ಕಾಗದ ಹುಡಕೋದು ನಮ್ಮ ಹಣೆಬರಹ.

ಏಜಂಟರ ಕಡೆ ನಿಂತೂ ಒಂದು ಮಾತಾಡ್ತೇನಿ. ಅವರಿಗೂ ತ್ರಾಸ ಅದ. ತಮ್ಮ ಪೆಟ್ರೋಲ್ ಸುಟಗೊಂಡು 20 ಮನಿ ತೋರಸ್ತಾರ, ಮಂದಿ ನಗನಗತಾ ನೋಡಿ ಹೋಗಿ, ಹಿಂದಿನಿಂದ ಮಾಲಕರ ಫೋನ್ ನಂಬರ್ ಹುಡುಕಿ ದಲಾಲಿ ಉಳಿಸಿಕೋತಾರ. ನಮ್ಮ ಸಂಬಂಧಿಕರೊಳಗ ಒಬ್ಬರು ಹಿಂಗ ಮಾಡಿ ಅದನ್ನ ಶಾಣ್ಯಾತನ ಅಂತ ಹೇಳಿಕೊಂಡು ಓಡಾಡ್ತಾರ. ವ್ಯವಹಾರ ಆದ್ರ ಇಷ್ಟು ರೊಕ್ಕ, ಆಗದಿದ್ರ ಚಹಾದ ರೊಕ್ಕಾನೂ ಇಲ್ಲ ಅಂದಾಗ ಬಾಯಿ ಮುಚ್ಚಿಕೊಂಡು ಇರೋದು ಅವರಿಗೆ ಲಾಭ ಆಗ್ತದ. ಅದಕ್ಕ ನಾ ಹೇಳೋದು, ಮನಿ ತೋರಸೋದಕ್ಕ ದಿನದ ಲೆಕ್ಕ 500 ರೂಪಾಯಿ ತೊಗೋರಿ, ನಾವು ಖುಷಿಯಿಂದ ಕೊಡತೇವಿ. ದಲಾಲಿ ತೊಗೊಳ್ಳೋದಾದ್ರ ಗೊತ್ತಿದ್ದದ್ದನ್ನ ಒಂದು ಹಾಳಿ ಮ್ಯಾಲೆ ಬರದು ಸಹಿ ಮಾಡ್ರಿ. ಕೋರ್ಟಿನಾಗ ಏನರೆ ನಡದದೇನು, ದಾರಿ ಹಕ್ಕು ಅದೇನು, ಮಾರಬಾರದು ಅನ್ನೋ ಕರಾರು ಅದೇನು, ಹೆಣ್ಣಮಕ್ಕಳ ಸಹಿ ಆಗೇದೇನು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರೀರಿ.

ಹೆಣ್ಣಮಕ್ಕಳ ಸಹಿದು ಸಣ್ಣ ಮಾತಲ್ಲ. 2005ರ ತಿದ್ದುಪಡಿ ಆದ ಮ್ಯಾಲೆ ಪಿತ್ರಾರ್ಜಿತ ಆಸ್ತಿಯೊಳಗ ಮಗಳಿಗೂ ಮಗನಷ್ಟ ಪಾಲು, 2020ರಾಗ ಸುಪ್ರೀಂ ಕೋರ್ಟು ಅದನ್ನ ಇನ್ನೂ ಗಟ್ಟಿ ಮಾಡೇದ. ನಾವು ನೋಡಿದ ಒಂಬತ್ತನೇ ಮನ್ಯಾಗ ಮೂರು ಮಂದಿ ಅಕ್ಕತಂಗ್ಯಾರು ಇದ್ರು, ಪತ್ರದಾಗ ಒಬ್ಬರ ಹೆಸರೂ ಇದ್ದಿಲ್ಲ. ‘ಅವರೇನೂ ಕೇಳೂದಿಲ್ಲರಿ, ಕುಬಸಾ ಕೊಟ್ಟು ಕಳಸತೇವಿ’ ಅಂತ ಅವರ ಅಣ್ಣ ನನ್ನ ಮುಂದನ ಅಂದ. ನಾನೂ ಒಬ್ಬಾಕಿ ತಂಗಿ ಇದ್ದೀನಿ ಅನ್ನೋದು ಅವಗ ಹೊಳೀಲಿಲ್ಲ.

ಆ ದಾರಿ ಇದ್ದ ಮನಿ ನಾವು ಬ್ಯಾಡಂದದ್ದು ದಾರಿ ಸಲುವಾಗಿ ಅಲ್ಲ. ಅಜ್ಜಿ ಓಡಾಡಿದ್ರ ನಮಗೇನು ಕಷ್ಟ? ಒಂದು ಮಾತಾಡಲಿಕ್ಕೆ ಆತು. ದಾರಿ ಅದ ಅಂತ ಮೊದಲ ಹೇಳಿ, ಕಟ್ಟಲಿಕ್ಕೆ ಬರದ ಆ ಐದು ಫೂಟಿನ ಕಿಮ್ಮತ್ತು ಬಿಟ್ಟು 46ಕ್ಕ ಕೊಟ್ಟಿದ್ರ ಪಾವಟಿಗಿ ಒಳಗಿಂದ ಹಾಕಸಕೊಂಡು ಅಲ್ಲೇ ಇರ್ತಿದ್ವಿ. ನಾವು ಅಷ್ಟು ಹೇಳಿ ಕಳಿಸಿದ್ವಿ. ಪುಣೆದವರು ಒಪ್ಪಲಿಲ್ಲ.

ಒಂದು ತಿಂಗಳ ಮ್ಯಾಲೆ ಅಜ್ಜಿ ಫೋನು. ‘ಗದಗಿನವರು ಯಾರೋ ಬಂದಾರವಾ, ಇದ ಶುಕ್ರವಾರ ಸಂಚಕಾರ ಕೊಡ್ತಾರಂತ. ಅವರ ಹುಡುಗ ಟೇಪ್ ಹಿಡದು ನನ್ನ ದಾರಿ ಅಳೀಲಿಕ್ಕತ್ತಾನ.’ ನಮ್ಮನಿಯವರು ‘ನಮಗ್ಯಾಕ, ಅವರವರ ನಸೀಬು’ ಅಂದ್ರು. ನಾ ಚಪ್ಪಲಿ ಹಾಕ್ಕೊಂಡು ಹೋದೆ. ಗದಗಿನ ಆ ಬಾಯಿ ಅಡಿಗಿಮನಿ ನೋಡ್ಕೋತ ನಿಂತಿದ್ರು, ಅವರನ್ನೂ ಅಲ್ಲಿಗೇ ಕಳಿಸಿದ್ದ ಅಂವಾ. ‘ಅಕ್ಕಾರ, ಒಂದು ಮಿನಿಟ ಹಿಂದ ಬರ್ರಿ, ಒಬ್ಬರನ್ನ ಭೆಟ್ಟಿ ಮಾಡಸತೇನಿ’ ಅಂತ ಅಜ್ಜಿ ಮನಿಗೆ ಕರಕೊಂಡು ಹೋಗಿ ಕೂಡಿಸಿ, ನಾ ನನ್ನ ಮನಿಗೆ ಬಂದೆ.

ಸಂಜಿಗೆ ಏಜಂಟ ನಮ್ಮನಿಯವರಿಗೆ ಫೋನ್ ಮಾಡಿ ಚೀರಾಡಿದ. ಹೊಟ್ಟಿ ಮ್ಯಾಲೆ ಹೊಡದ್ರಿ, ಊರಾಗ ಯಾವ ಏಜಂಟನೂ ನಿಮಗ ಮನಿ ತೋರಸಬಾರದು ಹಂಗ ಮಾಡತೇನಿ ಅಂತ. ನಮ್ಮನಿಯವರು ಒಂದು ಮಾತೂ ಆಡದ ಫೋನ್ ನನ್ನ ಕೈಯಾಗ ಕೊಟ್ರು. ‘ಅವರು ಕೇಳಿದ್ರಪಾ, ಅದಕ್ಕ ಹೇಳಿದೆ’ ಅಂದೆ. ಗದಗಿನವರು ಖರೇನ ಏನೂ ಕೇಳಿದ್ದಿಲ್ಲ, ಅದು ಬ್ಯಾರೆ ಮಾತು.

ಈಗ ನಾ ಮನಿ ನೋಡಲಿಕ್ಕೆ ಹೋಗೋ ಮುಂದ ವಹಿಯೊಳಗ ಒಂದು ಹಾಳಿ ಬರಕೊಂಡು ಹೋಗತೇನಿ. ಇಸಿ 2004ಕ್ಕಿಂತ ಹಿಂದಿಂದೂ ಬೇಕು. ಹಳೇ ಮನಿ ಇದ್ರ ಸಿಟಿ ಸರ್ವೆ ಉತಾರ, ಹೊಲದಾಗಿಂದ ಆದ ಪ್ಲಾಟ್ ಇದ್ರ ಹಳೇ ಉತಾರದ 11ನೇ ಕಾಲಮ್ಮು ನೋಡಬೇಕು, ಬೋಜಾ ಮತ್ತ ಬ್ಯಾರೆಯವರ ಹಕ್ಕು ಅಲ್ಲೇ ಬರದಿರ್ತಾರ. ಮಾಸ್ಟರ್ ಪ್ಲಾನಿನಾಗ ಮುಂದಿನ ರಸ್ತಾ ಎಷ್ಟು ಫೂಟು ಅಂತ ಪ್ರಾಧಿಕಾರದ ಆಫೀಸಿನಾಗ ಕೇಳಬೇಕು. ಬಾಜುದವರಿಗಿಂತ ಹಿಂದಿನ ಮನಿಯವರನ್ನ ಮೊದಲ ಮಾತಾಡಸಬೇಕು. ಕೆಳಗ ಏಜಂಟರ ಸಹಿಗೆ ಜಾಗಾ ಬಿಟ್ಟೀನಿ.

ಇಲ್ಲೀತನಕ ಮೂರು ಮಂದಿಗೆ ಆ ಹಾಳಿ ಕೊಟ್ಟೀನಿ. ಒಬ್ಬ ನಕ್ಕ, ಒಬ್ಬ ‘ನಂಬಿಕಿ ಇಲ್ಲಂದ್ರ ಬ್ಯಾಡ ಬಿಡ್ರಿ’ ಅಂದು ಸಿಟ್ಟಾದ. ಮೂರನೇದವ ಭಾಳ ಸಣ್ಣ ಹುಡುಗ, ನಮ್ಮ ಮಗಳಷ್ಟು ವಯಸ್ಸು. ಪೆನ್ ತೊಗೊಂಡು ಸ್ವಲ್ಪ ಹೊತ್ತು ಸುಮ್ಮನ ಕೂತ. ಆಮ್ಯಾಲೆ ಬರದ: ‘ಹಿತ್ತಲ ಗ್ವಾಡಿ ಬಗ್ಗೆ ಬಾಜುದವರ ತಕರಾರು ಅದ. ರಸ್ತಾ ಅಗಲ ಆಗ್ತದಂತ ಕೇಳೀನಿ, ಖಾತ್ರಿ ಇಲ್ಲ.’ ಸಹಿ ಮಾಡಿ ಕೊಟ್ಟ. ಬರೋ ರವಿವಾರ ಆ ಮನಿ ನೋಡಲಿಕ್ಕೆ ಹೊಂಟೀವಿ.